ಚಂದ್ರನನ್ನು ಅಳೆಯಲು ಯಾರನ್ನು ನಂಬುವುದು?

‘ಈಗಿನವರಿಗೆ ಕಲಿಯಲು ಏನು ಕಷ್ಟ? ಮೊಬೈಲ್ ತೆಗೆದರೆ ಎಲ್ಲವೂ ಅದರಲ್ಲೇ ಇದೆ’ ಎಂದು ಹಿರಿಯರು ಹೇಳುವುದುಂಟು. ಇರುವುದು ನಿಜ. ಆದರೆ ಇರುವುದರಲ್ಲಿ ಯಾವುದು ಸರಿ ಎಂದು ಮೊಬೈಲ್ ಹೇಳುವುದಿಲ್ಲ. ಸಿಲೆಬಸ್‌ನಲ್ಲಿರುವ ವಿಷಯವಾದರೆ ಮೇಷ್ಟ್ರಿದ್ದಾರೆ, ಸೀನಿಯರ್‌ಗಳ ನೋಟ್ಸ್ ಇದೆ, ಹಳೆಯ ಪ್ರಶ್ನೆಪತ್ರಿಕೆಗಳಿವೆ. ಸಿಲೆಬಸ್‌ನ ಹೊರಗಿನ ಒಂದು ವಿಷಯವನ್ನು ಒಬ್ಬರೇ ಕೂತು ಕಲಿಯಲು ಹೊರಟು ನೋಡಿ. ನಂಬಬಹುದಾದ ಪುಸ್ತಕ ಯಾವುದು, ನಂಬಬಾರದ್ದು ಯಾವುದು ಎಂದು ಗುರುತಿಸುವುದನ್ನು ನಮಗೆ ಯಾರೂ ಕಲಿಸಿಯೇ ಇಲ್ಲ ಎಂಬುದು ಆಗ ಗೊತ್ತಾಗುತ್ತದೆ.

ಬಿ.ಇ. ಓದಿನ ಬಿಡುವಿನಲ್ಲಿ ನಾನು ಕಲಿಯಲು ಹಿಡಿದದ್ದು ‘ಲೂನಾರ್ ಡಿಸ್ಟೆನ್ಸ್’ ಎಂಬ ಹಳೆಯ ನೌಕಾಯಾನದ ವಿದ್ಯೆಯನ್ನು. ಕನ್ನಡದಲ್ಲಿ ಚಂದ್ರಾಂತರ ವಿಧಾನ ಎನ್ನೋಣ. ಜಿಪಿಎಸ್ ಇಲ್ಲದೆ, ನಂಬಿಕೆಯ ಗಡಿಯಾರವೂ ಇಲ್ಲದೆ, ಚಂದ್ರನನ್ನು ಅಳೆದು ನಾವಿರುವ ರೇಖಾಂಶವನ್ನು ಹೇಳುವ ಲೆಕ್ಕ ಅದು. ಇದಕ್ಕೆ ಕೋಚಿಂಗ್ ಸೆಂಟರ್ ಇಲ್ಲ, ಕ್ಯಾಂಪಸ್‌ಗೆ ಬರುವ ಯಾವ ಕಂಪನಿಯೂ ಇದನ್ನು ಕೇಳುವುದಿಲ್ಲ. ಹಾಗಾಗಿಯೇ ಇಲ್ಲಿ ನಂಬಿಕೆಯ ಪ್ರಶ್ನೆಯನ್ನು ಬೇರೆಯವರ ಮೇಲೆ ಹಾಕಿ ಕೂರುವಂತಿಲ್ಲ.

ಆಕಾಶವೇ ಗಡಿಯಾರ

ಅಕ್ಷಾಂಶ ಹುಡುಕುವುದು ಸುಲಭ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ನಮ್ಮ ಅಕ್ಷಾಂಶ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲಿ ಅದು 14 ಡಿಗ್ರಿಗೆ ತುಸು ಕಡಿಮೆ. ರೇಖಾಂಶ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಒಂದೇ ಕ್ಷಣದಲ್ಲಿ ನಮ್ಮೂರಿನ ಸಮಯವೂ ಗ್ರೀನಿಚ್‌ನ ಸಮಯವೂ ತಿಳಿದರೆ ಅವುಗಳ ವ್ಯತ್ಯಾಸದಿಂದ ರೇಖಾಂಶ ಸಿಗುತ್ತದೆ. ಊರಿನ ಸಮಯವನ್ನು ಸೂರ್ಯ ಹೇಳುತ್ತಾನೆ. ನಡುಗಡಲಿನಲ್ಲಿ ಗ್ರೀನಿಚ್‌ನ ಸಮಯವನ್ನು ಹೇಳುವವರು ಯಾರು?

ಚಂದ್ರ. ನಕ್ಷತ್ರಗಳ ನಡುವೆ ಅವನು ಗಂಟೆಗೆ ಸುಮಾರು ಅರ್ಧ ಡಿಗ್ರಿ, ಅಂದರೆ ಹೆಚ್ಚುಕಡಿಮೆ ತನ್ನದೇ ಅಗಲದಷ್ಟು, ಪೂರ್ವಕ್ಕೆ ಸರಿಯುತ್ತಾನೆ. ನಕ್ಷತ್ರಗಳು ಗಡಿಯಾರದ ಅಂಕಿಗಳಾದರೆ ಚಂದ್ರನೇ ಮುಳ್ಳು. ಚಂದ್ರನ ಅಂಚಿಗೂ ಸೂರ್ಯನಿಗೋ ಒಂದು ನಕ್ಷತ್ರಕ್ಕೋ ಇರುವ ಕೋನವನ್ನು ಅಳೆದರೆ, ಯಾವ ಸಮಯದಲ್ಲಿ ಆ ಕೋನ ಅಷ್ಟಿರುತ್ತದೆ ಎಂದು ಮೊದಲೇ ಅಚ್ಚಾದ ಪಟ್ಟಿಯಲ್ಲಿ ನೋಡಿಕೊಳ್ಳಬಹುದು. ಜರ್ಮನಿಯ ಯೋಹಾನೆಸ್ ವೆರ್ನರ್ 1514ರಲ್ಲೇ ಇದನ್ನು ಸೂಚಿಸಿದ್ದ. ಆದರೆ ಚಂದ್ರನ ಚಲನೆಯನ್ನು ಸಾಕಷ್ಟು ನಿಖರವಾಗಿ ಹೇಳುವ ಕೋಷ್ಟಕಕ್ಕೆ ಟೋಬಿಯಾಸ್ ಮಾಯರ್ ಬರುವ ತನಕ ಎರಡು ಶತಮಾನಕ್ಕೂ ಹೆಚ್ಚು ಕಾಯಬೇಕಾಯಿತು. ಆ ಕೋಷ್ಟಕದ ಆಧಾರದ ಮೇಲೆ ನೆವಿಲ್ ಮಾಸ್ಕೆಲಿನ್ 1767ರ ಮೊದಲ ‘ನಾಟಿಕಲ್ ಅಲ್ಮನಾಕ್’ ಹೊರತಂದ. ಪ್ರತಿ ಮೂರು ಗಂಟೆಗೊಮ್ಮೆ ಚಂದ್ರಾಂತರ ಎಷ್ಟು ಎಂದು ಅದರಲ್ಲಿ ಅಚ್ಚಾಗುತ್ತಿತ್ತು. ಕ್ರೋನೋಮೀಟರ್ ಗಡಿಯಾರಗಳು ಅಗ್ಗವಾದಂತೆ ವಿಧಾನ ಮೂಲೆಗೆ ಬಿತ್ತು. 1906ರ ನಂತರ ಆ ಪಟ್ಟಿಯೂ ನಿಂತಿತು.

ಕೋಟೆಯಿಂದ ಕಡಲಿಗೆ

ಇಷ್ಟು ಓದಿದರೆ ಇದೇನು ಮಹಾ ಎನ್ನಿಸಬಹುದು. ಕಷ್ಟ ಇರುವುದು ನಿಖರತೆಯಲ್ಲಿ. ಡಿಗ್ರಿಯ ಅರವತ್ತರಲ್ಲಿ ಒಂದು ಭಾಗಕ್ಕೆ ನಮ್ಮ ಹಳೆಯ ಜ್ಯೋತಿಷ ಗ್ರಂಥಗಳಲ್ಲಿ ‘ಕಲೆ’ ಎನ್ನುತ್ತಾರೆ. ಕೋನ ಅಳೆಯುವಾಗ ಒಂದೇ ಒಂದು ಕಲೆ ತಪ್ಪಿದರೆ ಸಮಯ ಸುಮಾರು ಎರಡು ನಿಮಿಷ ತಪ್ಪುತ್ತದೆ. ಎರಡು ನಿಮಿಷಕ್ಕೆ ರೇಖಾಂಶ ಸುಮಾರು ಅರ್ಧ ಡಿಗ್ರಿ, ನಮ್ಮ ಕಡೆ ಹತ್ತಿರ ಹತ್ತಿರ 50 ಕಿಲೋಮೀಟರ್. ಕವಲೇದುರ್ಗದ ಮೇಲೆ ನಿಂತವನು ಒಂದು ಕಲೆ ತಪ್ಪಿದರೆ ಲೆಕ್ಕದಲ್ಲಿ ಘಟ್ಟ ಇಳಿದು ಮರವಂತೆಯ ಕಡಲತೀರಕ್ಕೆ ಹೋಗಿ ನಿಲ್ಲುತ್ತಾನೆ!

ಇನ್ನೂ ದೊಡ್ಡ ಗುಂಡಿ ಬೇರೆ ಇದೆ. ಅಲ್ಮನಾಕ್ ಕೊಡುವ ಕೋನ ಭೂಮಿಯ ಕೇಂದ್ರದಿಂದ ನೋಡಿದ್ದು, ನಾವು ಅಳೆಯುವುದು ನೆಲದ ಮೇಲೆ ನಿಂತು. ಚಂದ್ರ ಹತ್ತಿರದವನಾದ್ದರಿಂದ ಈ ವ್ಯತ್ಯಾಸ, ಅಂದರೆ ಲಂಬನ, ಒಂದು ಡಿಗ್ರಿಯವರೆಗೂ ಹೋಗುತ್ತದೆ. ಜೊತೆಗೆ ಗಾಳಿಯ ವಕ್ರೀಭವನ ಸೂರ್ಯ, ಚಂದ್ರ, ನಕ್ಷತ್ರ ಎಲ್ಲವನ್ನೂ ಮೇಲಕ್ಕೆತ್ತಿ ತೋರಿಸುತ್ತದೆ. ಇವನ್ನು ಕಳೆಯದೆ ಬಿಟ್ಟರೆ ತಪ್ಪು ಎರಡು ಗಂಟೆಯಷ್ಟಾಗಬಹುದು, ಅಂದರೆ 30 ಡಿಗ್ರಿ. ಕವಲೇದುರ್ಗದಿಂದ ಪಶ್ಚಿಮಕ್ಕೆ 30 ಡಿಗ್ರಿ ಹೋದರೆ ಸಿಗುವುದು ಏಡನ್ ಬಂದರಿನ ಆಸುಪಾಸು. ಈ ತಿದ್ದುಪಡಿಯೇ ಇಡೀ ವಿದ್ಯೆಯ ತಿರುಳು. ಇದನ್ನು ಹಾರಿಸಿ ‘ಐದೇ ನಿಮಿಷದಲ್ಲಿ ಕಲಿಯಿರಿ’ ಎನ್ನುವ ಪಾಠ ಎಷ್ಟು ಚೆನ್ನಾಗಿದ್ದರೂ ಕಲಿಯುವವನನ್ನು ಏಡನ್‌ಗೇ ಕಳುಹಿಸುತ್ತದೆ.

ಸಿಗುವ ಮೂಲಗಳ ಕಥೆ

ಹುಡುಕಲು ಕೂತರೆ ಮೊದಲು ಎದುರಾಗುವುದು ಹೆಸರಿನ ಗೊಂದಲ. ‘ಲೂನಾರ್ ಡಿಸ್ಟೆನ್ಸ್’ ಎಂದರೆ ಭೂಮಿಗೂ ಚಂದ್ರನಿಗೂ ಇರುವ ಸರಾಸರಿ 3,84,400 ಕಿಲೋಮೀಟರ್ ಎಂಬ ಉತ್ತರವೇ ಮುಗಿಬೀಳುತ್ತದೆ. ಅದನ್ನು ದಾಟಿದರೆ ಸಿಗುವ ಒಳ್ಳೆಯ ಮೂಲಗಳಲ್ಲೂ ಮುಳ್ಳುಗಳಿವೆ.

ಹಳೆಯ ನಾಟಿಕಲ್ ಅಲ್ಮನಾಕ್‌ಗಳು ಸ್ಕ್ಯಾನ್ ಆಗಿ ಉಚಿತವಾಗಿ ಸಿಗುತ್ತವೆ. ಚಿನ್ನದಂಥ ಮೂಲ. ಆದರೆ 1833ರವರೆಗಿನ ಪಟ್ಟಿಗಳು ನಿಜಸೂರ್ಯನ ಸಮಯದಲ್ಲಿವೆ, 1834ರಿಂದ ಸರಾಸರಿ ಸಮಯದಲ್ಲಿವೆ. 1925ಕ್ಕೆ ಮುಂಚೆ ಖಗೋಳ ಪಟ್ಟಿಗಳ ದಿನ ಶುರುವಾಗುತ್ತಿದ್ದುದು ಮಧ್ಯರಾತ್ರಿಗಲ್ಲ, ನಡುಹಗಲಿಗೆ. ಪುಸ್ತಕ ಸುಳ್ಳು ಹೇಳುತ್ತಿಲ್ಲ. ಅದರ ಭಾಷೆ ನಮಗೆ ಗೊತ್ತಿಲ್ಲದಿದ್ದರೆ ಸತ್ಯವೇ ನಮ್ಮ ಕೈಯಲ್ಲಿ ಸುಳ್ಳಾಗುತ್ತದೆ.

ಸ್ಟೆಲೇರಿಯಂನಂಥ ಉಚಿತ ತಂತ್ರಾಂಶದ್ದೂ ಹಾಗೆಯೇ. ಅದು ಸಾಮಾನ್ಯವಾಗಿ ನಾವು ಹೇಳಿದ ಊರಿನಿಂದ ಕಾಣುವ ಚಂದ್ರನನ್ನು ತೋರಿಸುತ್ತದೆ, ಅಂದರೆ ಲಂಬನವನ್ನು ಸೇರಿಸಿಯೇ. ಆ ಕೋನವನ್ನು ಭೂಕೇಂದ್ರದ ಪಟ್ಟಿಯ ಜೊತೆ ಹೋಲಿಸಿದರೆ ಲೆಕ್ಕ ಕೆಡುತ್ತದೆ. ಇನ್ನು ಚಾಟ್‌ಬಾಟ್‌ಗಳು. ಕೇಳಿದ ತಕ್ಷಣ ಸೂತ್ರ ಬರೆದುಕೊಡುತ್ತವೆ, ಸೂತ್ರ ಬಹಳಷ್ಟು ಸಲ ಸರಿಯಾಗಿಯೂ ಇರುತ್ತದೆ. ಆದರೆ ಒಂದು ಚಿಹ್ನೆ ಅದಲುಬದಲಾದರೂ ಅದೇ ಧೈರ್ಯದ ದನಿಯಲ್ಲಿ ಉತ್ತರ ಹೇಳುತ್ತವೆ. ದನಿ ಕೇಳಿ ಸರಿ-ತಪ್ಪು ಗೊತ್ತಾಗುವುದಿಲ್ಲ.

ಹಾಗಾದರೆ ನಂಬುವುದು ಯಾವುದನ್ನು? ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಗಿಂತ ಒಳ್ಳೆಯ ನಿಯಮ ನನಗೆ ಸಿಕ್ಕಿಲ್ಲ. ಅದನ್ನು ಮೂರು ಪ್ರಶ್ನೆಗಳಾಗಿ ಬಿಡಿಸಬಹುದು. ಈ ಮೂಲ ಮೊದಲಿನಿಂದ ಕೊನೆಯವರೆಗೆ ಅಂಕಿಗಳೊಂದಿಗೆ ಬಿಡಿಸಿದ ಒಂದಾದರೂ ಲೆಕ್ಕ ಕೊಡುತ್ತದೆಯೇ? ತನ್ನ ಉತ್ತರ ಎಷ್ಟರ ಮಟ್ಟಿಗೆ ತಪ್ಪಿರಬಹುದು ಎಂದು ಹೇಳುತ್ತದೆಯೇ? ತನ್ನ ಅಂಕಿಗಳು ಎಲ್ಲಿಂದ ಬಂದವು, ಯಾವ ಕಾಲದವು ಎಂದು ತಿಳಿಸುತ್ತದೆಯೇ? ಮೂರಕ್ಕೂ ಹೌದು ಎಂದರೆ ಲೇಖಕ ಯಾರೇ ಆಗಿರಲಿ, ಕೂತು ಓದಬಹುದು. ಒಂದಕ್ಕೂ ಹೌದು ಎನ್ನದಿದ್ದರೆ ಲಕ್ಷ ಜನ ನೋಡಿದ ವಿಡಿಯೊ ಆದರೂ ಪಕ್ಕಕ್ಕಿಡಬಹುದು.

ತಪ್ಪನ್ನು ಅಚ್ಚು ಹಾಕಿದ ನಕ್ಷೆ

ಈ ಎರಡನೆಯ ಪ್ರಶ್ನೆ ಎಷ್ಟು ಮುಖ್ಯ ಎನ್ನುವುದಕ್ಕೆ ನಮ್ಮ ನಾಡಿನದೇ ಉದಾಹರಣೆ ಇದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಮೈಸೂರು ಸೀಮೆಯಲ್ಲಿ ತ್ರಿಕೋನ ಮಾಪನ ಶುರು ಮಾಡಿದ. ಮುಂದೆ ಅದು ಇಡೀ ದೇಶದ ಮಹಾ ಸರ್ವೇಕ್ಷಣೆಯಾಗಿ ಬೆಳೆಯಿತು. ತ್ರಿಕೋನಗಳು ಎಷ್ಟೇ ನಿಖರವಾಗಿದ್ದರೂ ಅವನ್ನು ಭೂಗೋಳದ ಮೇಲೆ ಕೂರಿಸಲು ಒಂದು ಊರಿನ ರೇಖಾಂಶವಾದರೂ ಆಕಾಶದಿಂದಲೇ ಬರಬೇಕಿತ್ತು. ಆ ಊರು ಮದರಾಸು. ಅಲ್ಲಿನ ವೀಕ್ಷಣಾಲಯದ ರೇಖಾಂಶವನ್ನು 80 ಡಿಗ್ರಿ 17 ಕಲೆ 21 ವಿಕಲೆ ಎಂದು ಇಟ್ಟುಕೊಂಡು ನಕ್ಷೆಗಳಾದವು. ಟೆಲಿಗ್ರಾಫ್ ತಂತಿಯಲ್ಲಿ ಸಮಯ ಕಳುಹಿಸಿ ನೋಡುವ ಕಾಲ ಬಂದಾಗ ಅದು ಸುಮಾರು ಎರಡೂವರೆ ಕಲೆ ಹೆಚ್ಚಾಗಿದೆ ಎಂದು ಗೊತ್ತಾಯಿತು. ಅಂದರೆ ಹಳೆಯ ನಕ್ಷೆಗಳಲ್ಲಿ ಕವಲೇದುರ್ಗವೂ ಸೇರಿ ಎಲ್ಲ ಊರುಗಳೂ ನಾಲ್ಕೂವರೆ ಕಿಲೋಮೀಟರ್‌ನಷ್ಟು ಪೂರ್ವಕ್ಕೆ ಸರಿದಿದ್ದವು.

ಸರ್ವೆಯವರು ಆಗ ಏನು ಮಾಡಿದರು? ನಕ್ಷೆಯ ಅಂಚಿನಲ್ಲೇ ಟಿಪ್ಪಣಿ ಅಚ್ಚು ಹಾಕಿದರು: ರೇಖಾಂಶಗಳಿಗೆ ಇಂಥ ಮೌಲ್ಯವನ್ನು ಆಧಾರವಾಗಿಟ್ಟುಕೊಂಡಿದೆ, ಅದರಿಂದ ಇಷ್ಟನ್ನು ಕಳೆದುಕೊಳ್ಳಿ ಎಂದು. ನನಗೆ ಆ ಟಿಪ್ಪಣಿಯ ಮೇಲೆ ಬಹಳ ಗೌರವ. ತಪ್ಪೇ ಇಲ್ಲದ ಮೂಲ ಎಲ್ಲೂ ಸಿಗುವುದಿಲ್ಲ. ತನ್ನ ತಪ್ಪಿನ ಅಳತೆಯನ್ನು ತಾನೇ ಹೇಳುವ ಮೂಲವನ್ನು ನಂಬಿ ಕೆಲಸ ಮಾಡಬಹುದು.

ಗೋಡೆಗೆ ನೇತುಹಾಕಿದ ಪಟ್ಟಿ

ವಿದೇಶದ ಅಲ್ಮನಾಕ್ ಹುಡುಕುತ್ತಾ ನಾವು ಮರೆಯುವ ಇನ್ನೊಂದು ಮೂಲ ಮನೆಯಲ್ಲೇ ಇದೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ. ತಿಥಿ ಎಂದರೇನು? ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ, 24 ಡಿಗ್ರಿ ಸರಿದರೆ ಎರಡು, ಹೀಗೆ 30 ತಿಥಿಗೆ 360 ಡಿಗ್ರಿ. ಅಷ್ಟಮಿ ಮುಗಿಯಿತು ಎಂದರೆ ಅಂತರ 96 ಡಿಗ್ರಿ ಆಯಿತು ಎಂದರ್ಥ. ತಿಥಿ ಮುಗಿಯುವ ಕ್ಷಣ ಇಡೀ ಜಗತ್ತಿಗೆ ಒಂದೇ. ಪಂಚಾಂಗ ಅದನ್ನು ಭಾರತೀಯ ಕಾಲಮಾನದಲ್ಲಿ ಹೇಳುತ್ತದೆ. ಆ ಕ್ಷಣವನ್ನು ಆಕಾಶದಲ್ಲಿ ಗುರುತಿಸಿ, ಸೂರ್ಯನಿಂದ ನಮ್ಮೂರಿನ ಸಮಯ ತೆಗೆದು, ಎರಡರ ವ್ಯತ್ಯಾಸ ನೋಡಿದರೆ ರೇಖಾಂಶ ಬಂತು. ಕವಲೇದುರ್ಗದಲ್ಲಿ ಆ ವ್ಯತ್ಯಾಸ ಸರಾಸರಿ ಸಮಯದ ಲೆಕ್ಕದಲ್ಲಿ ಸುಮಾರು 29 ಅಥವಾ 30 ನಿಮಿಷ ಬರಬೇಕು. ನೌಕಾಯಾನದ ಚಂದ್ರಾಂತರದಲ್ಲಿ ಚಂದ್ರನ ಶರವನ್ನೂ, ಅಂದರೆ ಕ್ರಾಂತಿವೃತ್ತದಿಂದ ಅವನು ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವುದನ್ನೂ, ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೂಲ ಕಲ್ಪನೆ ಮಾತ್ರ ಒಂದೇ.

ಕನ್ನಡದಲ್ಲಿ ಈ ಗಣಿತ ಇರಲಿಲ್ಲ ಎನ್ನುವಂತೆಯೂ ಇಲ್ಲ. ಕೆಳದಿಯ ವೆಂಕಟಪ್ಪ ನಾಯಕನ ಆಳ್ವಿಕೆಯ ಕಾಲದಲ್ಲೇ, 1604ರಲ್ಲಿ, ತೀರ್ಥಹಳ್ಳಿಯ ಪಕ್ಕದ ಶೃಂಗೇರಿಯ ಶಂಕರನಾರಾಯಣ ಜೋಯಿಸರು ‘ಗಣಿತಗನ್ನಡಿ’ ಬರೆದರು. ವಿದ್ದಣಾಚಾರ್ಯರ ‘ವಾರ್ಷಿಕತಂತ್ರ’ಕ್ಕೆ ಕನ್ನಡದ ವಿವರಣೆ ಅದು. ತಾಳೆಗರಿಯಲ್ಲಿದ್ದ ಈ ಕೃತಿಯನ್ನು ಬಿ.ಎಸ್. ಶೈಲಜಾ ಮತ್ತು ಸೀತಾರಾಮ ಜಾವಗಲ್ ಅವರು ಓದಿ, ಇಂಗ್ಲಿಷ್ ಅನುವಾದದೊಂದಿಗೆ ಹೊರತಂದಿದ್ದಾರೆ. ಲಂಬನ, ಕಲೆ, ಶರ, ದೇಶಾಂತರ ಎಂಬ ಪದಗಳೆಲ್ಲ ಈ ಶಾಸ್ತ್ರದವು. ದೇಶಾಂತರ ಎಂದರೆ ಊರು ಬಿಟ್ಟು ಹೋಗುವುದು ಎಂದಷ್ಟೇ ನಮಗೆ ಗೊತ್ತು. ಜ್ಯೋತಿಷ ಗಣಿತದಲ್ಲಿ ಅದು ರೇಖಾಂಶದ ವ್ಯತ್ಯಾಸ.

ಮನೆಯ ಪಂಚಾಂಗವನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಸೂರ್ಯಸಿದ್ಧಾಂತದ ಹಳೆಯ ಗಣಿತದವಕ್ಕೂ ದೃಗ್ಗಣಿತದವಕ್ಕೂ ತಿಥಿ ಮುಗಿಯುವ ವೇಳೆಯಲ್ಲಿ ಕೆಲವೊಮ್ಮೆ ಗಂಟೆಗಟ್ಟಲೆ ವ್ಯತ್ಯಾಸ ಬರುತ್ತದೆ. ಹಬ್ಬದ ಆಚರಣೆಗೆ ಅದು ಸಂಪ್ರದಾಯದ ವಿಷಯ. ರೇಖಾಂಶಕ್ಕೆ ಒಂದು ಗಂಟೆ ಎಂದರೆ 15 ಡಿಗ್ರಿ. ಪರೀಕ್ಷೆ ಸರಳ: ಗ್ರಹಣ. 2025ರ ಸೆಪ್ಟೆಂಬರ್ 7ರ ರಾತ್ರಿಯ ಚಂದ್ರಗ್ರಹಣದ ಮಧ್ಯಕಾಲ 11 ಗಂಟೆ 41 ನಿಮಿಷದ ಹೊತ್ತಿಗಿತ್ತು. ಅಂದಿನ ಹುಣ್ಣಿಮೆ ಅದರ ಆಸುಪಾಸಿನಲ್ಲೇ ಮುಗಿಯಿತೆಂದು ಯಾವ ಪಂಚಾಂಗ ಹೇಳಿತ್ತೋ ಅದು ಆಕಾಶದೊಂದಿಗೆ ಹೊಂದುತ್ತದೆ. ನರಗುಂದದಲ್ಲಿ 1854ರಲ್ಲಿ ಹುಟ್ಟಿ ಶಾಲಾ ಶಿಕ್ಷಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರ ಅವರು ‘ಜ್ಯೋತಿರ್ಗಣಿತ’ ಬರೆದದ್ದು ಪಂಚಾಂಗವನ್ನು ಆಕಾಶಕ್ಕೆ ಹೊಂದಿಸಲೆಂದೇ. ಯಾವ ದೊಡ್ಡ ವೀಕ್ಷಣಾಲಯದ ನೌಕರಿಯೂ ಅವರಿಗಿರಲಿಲ್ಲ.

ಶುರು ಮಾಡುವವರಿಗೆ

ನನ್ನ ಅಭಿಪ್ರಾಯದಲ್ಲಿ ಓದಿನ ಕ್ರಮ ಹೀಗಿರಬೇಕು. ಮೊದಲು ಒಂದು ತಿಂಗಳು ಪಂಚಾಂಗ ಹಿಡಿದು ಬರಿಗಣ್ಣಿನಲ್ಲಿ ಚಂದ್ರನನ್ನು ನೋಡುವುದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಪಂಚಾಂಗ ಕನ್ನಡದಲ್ಲೂ ಬರುತ್ತದೆ. ಅದನ್ನು ತಯಾರಿಸುವ ಕೋಲ್ಕತ್ತದ ಪೊಸಿಷನಲ್ ಆಸ್ಟ್ರಾನಮಿ ಸೆಂಟರ್ ‘ಇಂಡಿಯನ್ ಆಸ್ಟ್ರನಾಮಿಕಲ್ ಎಫೆಮೆರಿಸ್’ ಕೂಡ ಪ್ರಕಟಿಸುತ್ತದೆ. ಆಮೇಲೆ ನೌಕಾಯಾನದ ಬುನಾದಿಗೆ ಬೌಡಿಚ್. 1802ರಿಂದ ಪರಿಷ್ಕಾರವಾಗುತ್ತಲೇ ಬಂದಿರುವ ಈ ಪುಸ್ತಕ ಉಚಿತವಾಗಿ ಸಿಗುತ್ತದೆ. ಚಂದ್ರಾಂತರದ ಪಾಠ ಬೇಕಾದರೆ ಅದರ 19ನೇ ಶತಮಾನದ ಆವೃತ್ತಿಗಳನ್ನು ತೆಗೆಯಬೇಕು. ಗಣಿತದ ಆಳಕ್ಕೆ ಚೌವೆನೆಟ್ 1863ರಲ್ಲಿ ಬರೆದ ಗೋಳ ಖಗೋಳಶಾಸ್ತ್ರದ ಗ್ರಂಥವಿದೆ. ಈಗಿನ ಇಂಗ್ಲಿಷಿನಲ್ಲಿ ಬೇಕೆಂದರೆ ಜಾನ್ ಕಾರ್ಲ್ ಅವರ ಪುಸ್ತಕವೂ ಬ್ರೂಸ್ ಸ್ಟಾರ್ಕ್ ಅವರ ಕೋಷ್ಟಕಗಳೂ ಇವೆ. ಅಂಕಿಗಳನ್ನು ತಾಳೆ ನೋಡಲು ನಾಸಾದ ಹೊರೈಜನ್ಸ್ ವ್ಯವಸ್ಥೆ ಸಾಕು. ಪೈಥಾನ್ ಬಲ್ಲವರಿಗೆ ಸ್ಕೈಫೀಲ್ಡ್ ಇದೆ. ಹಳೆಯ ಪುಸ್ತಕದ ಬಿಡಿಸಿದ ಲೆಕ್ಕವನ್ನು ನಮ್ಮ ಕೋಡ್‌ನಿಂದ ಮತ್ತೆ ಬಿಡಿಸಿ ಉತ್ತರ ಹೊಂದಿದರೆ, ಪುಸ್ತಕವೂ ಕೋಡೂ ಒಂದನ್ನೊಂದು ಪರೀಕ್ಷಿಸಿದಂತೆ.

ಆಮೇಲೆ ಬಯಲಿಗೆ ಇಳಿಯಬೇಕು. ಹಿತ್ತಾಳೆಯ ಸೆಕ್ಸ್‌ಟಂಟ್ ನಮ್ಮ ಜೇಬಿಗೆ ಎಟಕುವುದಿಲ್ಲ, ಕಾಲೇಜಿನಲ್ಲಿ ನಾಲ್ಕಾರು ಜನ ಸೇರಿ ಪ್ಲಾಸ್ಟಿಕ್‌ನದೊಂದನ್ನು ಕೊಳ್ಳಬಹುದು. ಕವಲೇದುರ್ಗದಂಥ ಕೋಟೆಗೆ ರಾತ್ರಿ ಹೋಗಬೇಕಾಗಿಲ್ಲ. ಕೃಷ್ಣಪಕ್ಷದ ಅಷ್ಟಮಿಯ ಬೆಳಿಗ್ಗೆ ಪೂರ್ವದಲ್ಲಿ ಸೂರ್ಯ, ಪಶ್ಚಿಮಕ್ಕೆ ಇಳಿಯುತ್ತಿರುವ ಅರ್ಧಚಂದ್ರ ಎರಡೂ ಕಾಣುತ್ತವೆ, ನಡುವೆ ಸುಮಾರು 90 ಡಿಗ್ರಿ. ಸೂರ್ಯನ ಕಡೆಗೆ ಸೆಕ್ಸ್‌ಟಂಟ್‌ನ ಕಪ್ಪು ಗಾಜಿಲ್ಲದೆ ನೋಡಲೇಬಾರದು. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಇದು ಆಗದ ಮಾತು, ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಎತ್ತರ ಅಳೆಯಲು ಸಮುದ್ರದ ದಿಗಂತ ಬೇಡವೇ ಎನ್ನಬಹುದು. ನೆಲದ ಮೇಲಿನ ಪ್ರಯಾಣಿಕರು ತಟ್ಟೆಯಲ್ಲಿ ಪಾದರಸವನ್ನೋ, ಅದಿಲ್ಲದಿದ್ದರೆ ಕಾಕಂಬಿಯನ್ನೋ ಸುರಿದು ಅದರಲ್ಲಿ ಬಿದ್ದ ಬಿಂಬವನ್ನು ಅಳೆದು, ಬಂದ ಕೋನವನ್ನು ಅರ್ಧ ಮಾಡುತ್ತಿದ್ದರು. ಪಾದರಸ ವಿಷ, ಅದರ ಸಹವಾಸ ಬೇಡ. ನಮ್ಮ ಕಡೆ ಜೋನಿಬೆಲ್ಲಕ್ಕೇನು ಕೊರತೆ? ಗಾಳಿಗೆ ನೀರಿನಂತೆ ಅದು ಅಲುಗುವುದಿಲ್ಲ. ಕೊನೆಗೆ ಬಂದ ಉತ್ತರವನ್ನು ಮೊಬೈಲ್‌ನ ಜಿಪಿಎಸ್ ಜೊತೆ ಹೋಲಿಸಬಹುದು. ಮಾಸ್ಕೆಲಿನ್‌ನ ಕಾಲದವರಿಗೆ ಇಲ್ಲದಿದ್ದ ಉತ್ತರಪತ್ರಿಕೆ ನಮ್ಮ ಕೈಯಲ್ಲಿದೆ.

ಇದರಿಂದ ಏನು ಸಿಗುತ್ತದೆ?

ಜಿಪಿಎಸ್ ಇರುವಾಗ ಇದೆಲ್ಲ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ವಿದ್ಯೆ ಪೂರ್ತಿ ಸತ್ತಿಲ್ಲ ಎಂಬುದು ಒಂದು ಉತ್ತರ. 1968ರ ಅಪೊಲೊ 8 ನೌಕೆಯಲ್ಲಿ ಜಿಮ್ ಲೊವೆಲ್ ಸೆಕ್ಸ್‌ಟಂಟ್‌ನಿಂದ ನಕ್ಷತ್ರಕ್ಕೂ ಭೂಮಿ, ಚಂದ್ರರ ಅಂಚಿಗೂ ಇರುವ ಕೋನಗಳನ್ನು ಅಳೆದರು. ಅದು ಚಂದ್ರಾಂತರದ ತಮ್ಮನೇ. ಜಿಪಿಎಸ್ ಬಳಸುವಂತಿಲ್ಲದ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ನಮ್ಮ ಅಭಿಲಾಷ್ ಟಾಮಿ ಸೆಕ್ಸ್‌ಟಂಟ್ ಹಿಡಿದೇ ಭೂಮಿ ಸುತ್ತಿ 2023ರಲ್ಲಿ ಎರಡನೆಯವರಾಗಿ ಬಂದರು.

ಆದರೆ ನನ್ನ ಉತ್ತರ ಬೇರೆ. ನಾವು ನಾಳೆ ಯಾವ ಕೆಲಸಕ್ಕೆ ಸೇರಿದರೂ ಕಲಿಸುವವರಿಲ್ಲದ ವಿಷಯವನ್ನು ಕಲಿಯಬೇಕಾಗುತ್ತದೆ. ಸೇತುವೆಯ ಭಾರವೋ, ಔಷಧದ ಪ್ರಮಾಣವೋ, ಬ್ಯಾಂಕಿನ ಕೋಡೋ, ಯಾವುದೋ ಮೂಲವನ್ನು ನಂಬಿ ಅಂಕಿ ಬರೆಯಬೇಕಾಗುತ್ತದೆ. ಆಗ ತಪ್ಪಿದರೆ ಮರವಂತೆಗೋ ಏಡನ್‌ಗೋ ಹೋಗುವುದು ಕಾಗದದ ಮೇಲಿನ ಚುಕ್ಕೆಯಲ್ಲ, ಬೇರೆಯವರ ಬದುಕು. ಮೂಲವನ್ನು ಪರೀಕ್ಷಿಸುವ ಅಭ್ಯಾಸವನ್ನು ತಪ್ಪಿದರೂ ಯಾರಿಗೂ ನಷ್ಟವಾಗದ ಇಂಥ ವಿದ್ಯೆಯಲ್ಲಿ ಮಾಡಿಕೊಳ್ಳುವುದು ಒಳ್ಳೆಯದು. ಸರ್ಟಿಫಿಕೇಟ್ ಕೋರ್ಸ್‌ಗಳ ಪಟ್ಟಿಗಿಂತ ‘ನಾನು ಅಳೆದೆ, ಇಷ್ಟು ಕಿಲೋಮೀಟರ್ ತಪ್ಪಿತು, ಕಾರಣ ಇದು’ ಎಂಬ ಒಂದು ಪುಟ ಸಂದರ್ಶನದಲ್ಲಿ ಹೆಚ್ಚು ಮಾತಾಡುತ್ತದೆ ಎಂಬುದು ನನ್ನ ನಂಬಿಕೆ.

ಇನ್ನೊಂದು ಕೊರತೆಯನ್ನು ತುಂಬುವುದು ನಮ್ಮ ಕೈಯಲ್ಲೇ ಇದೆ. 1604ರಲ್ಲಿ ಶೃಂಗೇರಿಯ ಜೋಯಿಸರು ತಮ್ಮ ಕಾಲದ ಗಣಿತವನ್ನು ಕನ್ನಡದಲ್ಲಿ ವಿವರಿಸಿದರು. ಇಂದು ಕನ್ನಡದಲ್ಲಿ ಚಂದ್ರಾಂತರದ ಪೂರ್ತಿ ಬಿಡಿಸಿದ ಒಂದು ಲೆಕ್ಕ ಹುಡುಕಿದರೆ ನನ್ನ ಕೈಗೆ ಸಿಕ್ಕಿಲ್ಲ. ಕಾಲೇಜು ಗ್ರಂಥಾಲಯಗಳು ರಾಷ್ಟ್ರೀಯ ಪಂಚಾಂಗವನ್ನೂ ಎಫೆಮೆರಿಸ್ಸನ್ನೂ ತರಿಸಲಿ. ಒಂದೊಂದು ಊರಿನ ವಿದ್ಯಾರ್ಥಿಗಳು ತಮ್ಮ ಊರಿನ ಬೆಟ್ಟದಲ್ಲೋ ಕೋಟೆಯಲ್ಲೋ ಅಳೆದು, ಅಂಕಿಗಳನ್ನೂ ತಪ್ಪಿನ ಅಳತೆಯನ್ನೂ ಸೇರಿಸಿ ಕನ್ನಡದಲ್ಲಿ ಬರೆದಿಡಲಿ. ಮುಂದೆ ಕಲಿಯಲು ಬರುವವರಿಗೆ ನಂಬಬಹುದಾದ ಮೂಲ ಬೇಕೆಂದರೆ ಅದನ್ನು ಈಗ ಕಲಿಯುತ್ತಿರುವವರೇ ಬರೆಯಬೇಕು.